ಸ್ಮಶಾನದ ಮೇಲಿಂದ ನನ್ನ ಮನೆಗೆ

ನಮ್ಮ ಸೂಕ್ರೆ ಊರಿನಲ್ಲಿ ದಾರಿ ಕೇಳಿದವರಿಗೆ ‘ಗೊತ್ತಿಲ್ಲ’ ಎನ್ನುವವನು ಇನ್ನೂ ಹುಟ್ಟಿಲ್ಲ. ಗೊತ್ತಿದ್ದರೆ ಗೊತ್ತಿರುವ ದಾರಿ ಹೇಳುತ್ತೇವೆ, ಗೊತ್ತಿಲ್ಲದಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತೇವೆ. ದೂರದಿಂದ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು, ಅಷ್ಟೇ. ಇದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಅರುವತ್ತಮೂರು ವರ್ಷ ಅನ್ನಿಸಿರಲಿಲ್ಲ. ಕಳೆದ ಗುರುವಾರ ಅನ್ನಿಸಿತು.

ಎವಾರಿಸ್ತೊ ಬರುತ್ತೇನೆಂದು ಕಾಗದ ಬರೆದಿದ್ದ. ಮೂವತ್ತೊಂಬತ್ತು ವರ್ಷದ ಹಿಂದೆ ನಾನು ತುಪೀಸಾದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಾಗ ಅವನು ಅಲ್ಲಿನ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಿದ್ದ. ಸಂಜೆ ಹೊತ್ತು ಹಳಿಯ ಪಕ್ಕ ಒಟ್ಟಿಗೆ ನಡೆಯುತ್ತಿದ್ದೆವು. ಅವನು ಕೇಳುತ್ತಾನೆಂದು ನಾನು ಕಾದೆ, ನಾನು ಏನಾದರೂ ಹೇಳುತ್ತೇನೆಂದು ಅವನು ಕಾದ. ಅಷ್ಟರಲ್ಲಿ ಅವನಿಗೆ ಗಡಿಯಾಚೆ ಸಾಲ್ಟಾದಲ್ಲಿ ಕೆಲಸ ಸಿಕ್ಕಿತು, ನನಗೆ ಸೂಕ್ರೆಯಲ್ಲಿ ಗಂಡ ಸಿಕ್ಕಿದ. ಗಂಡ ಒಳ್ಳೆಯವನೇ, ತೀರಿಹೋಗಿ ಹನ್ನೊಂದು ವರ್ಷವಾಯಿತು. ಎವಾರಿಸ್ತೊ ಮದುವೆಯನ್ನೇ ಆಗಲಿಲ್ಲವಂತೆ. ‘ಗುರುವಾರ ಎರಡು ಗಂಟೆಗೆ ಬರುತ್ತೇನೆ, ಐದರ ಬಸ್ಸಿಗೆ ಹೊರಡುತ್ತೇನೆ, ಈ ಕಡೆ ಮತ್ತೆ ಬರುವುದು ಅನುಮಾನ’ ಎಂದು ಬರೆದಿದ್ದ. ಅಂದರೆ ಮೂರು ಗಂಟೆ ಹೊತ್ತು. ಈ ಸಲ ಅವನು ಕೇಳಬೇಕು, ಇಲ್ಲವೇ ನಾನು ಹೇಳಬೇಕು, ಸುಮ್ಮನೆ ಕಳಿಸಿಕೊಡುವ ಮಾತೇ ಇಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೆ.

ಗುರುವಾರ ಬೆಳಗ್ಗೆ ಹತ್ತಕ್ಕೆ ಮಾರುಕಟ್ಟೆ ಮುಗಿಸಿ ಚೌಕದ ಬೆಂಚಿನಲ್ಲಿ ಸುಧಾರಿಸಿಕೊಳ್ಳುತ್ತಿದ್ದೆ. ಕೂದಲು ಗುಂಗುರಾಗಲೆಂದು ತಲೆತುಂಬ ಹದಿನಾರು ಸುರುಳಿ ಸುತ್ತಿ ಮೇಲೆ ಬಟ್ಟೆ ಕಟ್ಟಿಕೊಂಡಿದ್ದೆ. ಮೈಮೇಲೆ ಗಂಡನ ಹಳೇ ಸ್ವೆಟರು, ಮಡಿಲಲ್ಲಿ ಈರುಳ್ಳಿ ಚೀಲ. ಯಾರೋ ಎದುರಿಗೆ ಬಂದು ನಿಂತು ಟೋಪಿ ತೆಗೆದರು.

“ತಾಯಿ, ಹಳೇ ಗಿರಣಿ ಬೀದಿಗೆ ಹೇಗೆ ಹೋಗ್ಬೇಕು?”

ತಲೆ ಎತ್ತಿದರೆ ಎವಾರಿಸ್ತೊ. ಕೂದಲು ಬೆಳ್ಳಗಾಗಿದೆ, ಕಿವಿ ಮಾತ್ರ ಅದೇ ಕಿವಿ, ಚಹಾ ಕಪ್ಪಿನ ಹಿಡಿಯ ಹಾಗೆ ಎದ್ದು ನಿಂತಿವೆ. ನಾಲ್ಕು ಗಂಟೆ ಮುಂಚೆ ಬಂದಿದ್ದಾನೆ ಮಹಾರಾಯ. ನನ್ನ ಗುರುತು ಹತ್ತಿದ ಹಾಗೆ ಕಾಣಲಿಲ್ಲ. ಹತ್ತದಿರಲಿ ದೇವರೇ ಎಂದು ಬೇಡಿಕೊಂಡೆ. ಹತ್ತಲಿಲ್ಲವಲ್ಲ ಎಂದು ಹೊಟ್ಟೆಯೂ ಉರಿಯಿತು. ಅದು ನನ್ನ ಮನೆಯ ಬೀದಿಯೇ, ಚೌಕದಿಂದ ಎರಡೇ ಬೀದಿ ಆಚೆ. ನಿಜ ಹೇಳಿದರೆ ನನಗಿಂತ ಮುಂಚೆ ಬಾಗಿಲಲ್ಲಿರುತ್ತಾನೆ.

ಮುಖ ತಗ್ಗಿಸಿ, ದನಿ ಬದಲಿಸಿದೆ. “ಅದಾ? ದೂರ ಇದೆ ಯಜಮಾನ್ರೇ. ಹೀಗೆ ಇಳಿದು ಹೋಗಿ, ಸ್ಮಶಾನದ ಗೇಟು ಸಿಗತ್ತೆ. ಗೋಡೆ ಹಿಡ್ಕೊಂಡು ಪೂರ್ತಿ ಒಂದು ಸುತ್ತು ಬನ್ನಿ. ಆಮೇಲೆ ಗುಡ್ಡದ ಮೇಲೆ ಮಠ ಕಾಣ್ಸತ್ತೆ, ಅಲ್ಲೀವರೆಗೂ ಹತ್ತಿ. ಅಲ್ಲಿಂದ ಇಳಿದ್ರೆ ಬಂದೇಬಿಡ್ತು.”

ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಅಷ್ಟನ್ನೂ ಬರೆದುಕೊಂಡ. “ದೊಡ್ಡ ಉಪಕಾರ ಆಯ್ತು ತಾಯಿ,” ಎಂದು ಇಳಿಜಾರಿನಲ್ಲಿ ಹೊರಟ. ಎರಡು ಗಂಟೆಯಾದರೂ ಸಿಕ್ಕಿತು ಎಂದುಕೊಂಡು, ಈರುಳ್ಳಿ ಉದುರುವುದನ್ನೂ ನೋಡದೆ ಮನೆಗೆ ಓಡಿದೆ.

ಹನ್ನೆರಡಕ್ಕೆಲ್ಲ ನನ್ನ ಕೂದಲು ಗುಂಗುರು ಗುಂಗುರಾಗಿ ಭುಜದ ಮೇಲಿತ್ತು. ನೀಲಿ ಅಂಗಿ, ಕಿವಿಗೆ ಮುತ್ತು. ಒಲೆಯ ಮೇಲೆ ಕೆಂಪು ಮೆಣಸಿನ ಹಂದಿ ಮಾಂಸ ಕುದಿಯುತ್ತಿತ್ತು. ಒಂದು ಗಂಟೆಯಾಯಿತು, ಎರಡಾಯಿತು. ಅವನ ಸುಳಿವಿಲ್ಲ. ಕೆಳಗಿನ ಅಂಗಡಿಯ ಕಸಿಲ್ದಾ, ಮೂವತ್ತು ವರ್ಷದಿಂದ ನೆರೆಯವಳು, ನನ್ನನ್ನು ಬೈಯುವ ಹಕ್ಕಿರುವ ಒಬ್ಬಳೇ ಹೆಂಗಸು, ಮೇಲೆ ಬಂದಳು. ನಡೆದದ್ದನ್ನೆಲ್ಲ ಹೇಳಿಕೊಂಡೆ.

“ನಿನ್ ಕೂದಲಿಗೋಸ್ಕರ ಆ ಮುದುಕನ್ನ ಸ್ಮಶಾನಕ್ಕೆ ಕಳಿಸಿದ್ಯಾ?” ಎಂದಳು.

“ಮುದುಕ ಗಿದುಕ ಅನ್ಬೇಡ. ಬರೀ ಸುತ್ತು ಹಾಕೋಕೆ ಕಳಿಸಿದ್ದು ಕಣೇ.”

“ಅಲ್ವೇ, ನೀನು ಹೇಳಿದ್ದನ್ನೇ ವೇದವಾಕ್ಯ ಅಂತ ಹೋಗ್ತಾನಾ? ದಾರೀಲಿ ಇನ್ನೊಬ್ಬರನ್ನ ಕೇಳಲ್ವಾ? ಅದೂ ನಮ್ಮೂರೋರನ್ನ?”

ಅದು ನನಗೆ ಹೊಳೆದೇ ಇರಲಿಲ್ಲ. ನಮ್ಮದು ಗೇಣುದ್ದದ ಬೀದಿ. ಗುಡ್ಡದ ಕಡೆಯವರು ಅದರ ಹೆಸರನ್ನೇ ಕೇಳಿರಲಾರರು. ಕೇಳಿರದಿದ್ದರೆ ಮುಗಿಯಿತು, ಒಬ್ಬೊಬ್ಬರೂ ಕೈಯೆತ್ತಿ ಒಂದೊಂದು ದಿಕ್ಕು ತೋರಿಸಿರುತ್ತಾರೆ. ಮನೆಗಳೋ, ಎಲ್ಲವೂ ಬಿಳಿ ಸುಣ್ಣದವು, ಒಂದರ ಹಾಗೆ ಇನ್ನೊಂದು. ಇಲ್ಲೇ ಹುಟ್ಟಿದ ನನ್ನ ಗಂಡನೇ ಎರಡು ಸಲ ಬೇರೆಯವರ ಬಾಗಿಲಿಗೆ ಕೀಲಿಕೈ ತೂರಿಸಿದ್ದ.

“ಹೋಗಿ ಹುಡುಕು,” ಎಂದಳು ಕಸಿಲ್ದಾ.

“ನಾನು ಆಚೆ ಹೋದಾಗ ಅವನು ಬಂದ್ರೆ?”

“ಹಾಗಾದ್ರೆ ಕೂತ್ಕೊಂಡು ಅಳು.”

ನಿಜಕ್ಕೂ ಅತ್ತೆ. ಇಷ್ಟು ವರ್ಷದ ಮೇಲೆ ಸಿಕ್ಕಿದ ಮೂರು ಗಂಟೆಯನ್ನು ಕೂದಲಿಗೆ ಸುರಿದ ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ ಎಂದು ನನ್ನನ್ನೇ ಬೈದುಕೊಂಡೆ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಬಾಗಿಲು ಬಡಿದ ಸದ್ದಾಯಿತು. ಎವಾರಿಸ್ತೊ! ಬೂಟಿನ ಮೇಲೆ ಬೆರಳಷ್ಟು ಧೂಳು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಆ ಪುಸ್ತಕ. ನನ್ನನ್ನು ಕಂಡು ನಕ್ಕ. “ಸೆನೋಬಿಯಾ, ನೀನೇನೂ ಬದಲಾಗಿಲ್ಲ,” ಎಂದ. ಸುಳ್ಳೆಂದು ಗೊತ್ತಿದ್ದರೂ ಜೀವ ತಂಪಾಯಿತು.

ಕಸಿಲ್ದಾ ಕಣ್ಣು ಮಿಟುಕಿಸಿ ಕೆಳಗೆ ಹೋದಳು. ಅವನು ಹಸಿದಿದ್ದ. ತಿನ್ನುತ್ತಾ ತಿನ್ನುತ್ತಾ ನಮ್ಮ ಊರನ್ನು ನನಗೇ ಬಣ್ಣಿಸಲು ಶುರುಮಾಡಿದ.

“ಇಲ್ಲಿ ನಾಯಿಗಳು ರಸ್ತೆ ಮಧ್ಯ ಮಲಗ್ತಾವೆ, ಜೀಪುಗಳು ಫುಟ್‌ಪಾತ್ ಮೇಲೆ ಹೋಗ್ತಾವೆ. ಮೂರು ಇಗರ್ಜಿ ಮೂರು ಹೊತ್ತಿಗೆ ಹನ್ನೆರಡು ಗಂಟೆ ಹೊಡೆದ್ವು. ನಾನು ಮೂರೂ ಕೇಳಿದೆ, ಅಷ್ಟು ಹೊತ್ತು ಸ್ಮಶಾನದ ಗೋಡೆ ಪಕ್ಕದಲ್ಲೇ ಇದ್ದೆ.”

“ಅಯ್ಯೋ ಪಾಪ.”

“ಹನ್ನೊಂದು ಜನ ದಾರಿ ಹೇಳಿದ್ರು, ಹನ್ನೊಂದೂ ಬೇರೆ ಬೇರೆ. ಒಬ್ಬ ಕ್ಷೌರದವನು ಗಿರಾಕಿ ಮುಖದ ಮೇಲೆ ಸೋಪು ಹಾಗೇ ಬಿಟ್ಟು ನನ್ ಜೊತೆ ಮೂರು ಬೀದಿ ಬಂದ. ಬಂದು ಬೇರೆ ಯಾವುದೋ ಗಿರಣಿ ತೋರಿಸಿದ. ಇಷ್ಟು ಒಳ್ಳೇ ಜನ ನಾನು ಎಲ್ಲೂ ಕಂಡಿಲ್ಲ. ಆ ಒಬ್ಬಳನ್ನ ಬಿಟ್ಟು.”

“ಯಾವ ಒಬ್ಬಳು?”

“ಬೆಳಗ್ಗೆ ಚೌಕದಲ್ಲಿ ಸಿಕ್ಕಿದಳು. ಈರುಳ್ಳಿ ಚೀಲ ಹಿಡ್ಕೊಂಡು, ಕೋಳಿ ಕದ್ದವಳ ಹಾಗೆ ಮುಖ ಮಾಡ್ಕೊಂಡು ಕೂತಿದ್ಲು. ಮೊದಲು ದಾರಿ ತಪ್ಪಿಸಿದ್ದೇ ಅವಳು.”

ನನ್ನ ಕೈಯಲ್ಲಿದ್ದ ಸೌಟು ನಿಂತಿತು. “ವಯಸ್ಸೆಷ್ಟಿರಬಹುದು ಅವಳಿಗೆ?”

“ಎಪ್ಪತ್ತೈದು.”

“ಅಷ್ಟೆಲ್ಲ ಇರಲಿಕ್ಕಿಲ್ಲ,” ಎಂದೆ, ಸ್ವಲ್ಪ ಜೋರಾಗಿಯೇ. “ಪಾಪ, ಅವಳಿಗೆ ಏನು ಅವಸರ ಇತ್ತೋ.”

“ಇರಬಹುದು,” ಎಂದು ಮಾಂಸದ ಸಾರಿಗೆ ರೊಟ್ಟಿ ಅದ್ದಿದ.

ಕೋಪವೂ ಬಂತು, ನಗುವೂ ಬಂತು, ಎರಡನ್ನೂ ನುಂಗಿಕೊಂಡೆ. ಗಡಿಯಾರ ನೋಡಿದರೆ ನಾಲ್ಕೂವರೆ. ಅವನು ಸಾಲ್ಟಾದ ರೈಲಿನ ಬಗ್ಗೆ ಹೇಳಿದ, ಮಂಡಿನೋವಿನ ಬಗ್ಗೆ ಹೇಳಿದ. ಕೇಳಬೇಕಾದ್ದನ್ನು ಕೇಳಲಿಲ್ಲ. ನಾನು ‘ಇನ್ನೊಂದು ರೊಟ್ಟಿ?’ ಎಂದೆ, ‘ಉಪ್ಪು ಸಾಕಾ?’ ಎಂದೆ. ಹೇಳಬೇಕಾದ್ದನ್ನು ಹೇಳಲಿಲ್ಲ. ತುಪೀಸಾದ ಹಳಿಯ ಪಕ್ಕ ನಡೆಯುವಾಗಲೂ ಹೀಗೇ ಆಗಿತ್ತು.

ಅವನು ಎದ್ದ, ಟೋಪಿ ಹಾಕಿಕೊಂಡ, ಚೀಲ ಎತ್ತಿಕೊಂಡ. ಬಾಗಿಲಲ್ಲಿ ನಿಂತು, “ಬಸ್ ನಿಲ್ದಾಣಕ್ಕೆ ಹೇಗೆ ಹೋಗ್ಬೇಕು?” ಎಂದ.

ನಿಲ್ದಾಣಕ್ಕೆ ಹೋಗುವ ಬಸ್ಸು ನಮ್ಮ ಬಾಗಿಲಿಂದ ಬಲಕ್ಕೆ ತಿರುಗಿದರೆ ಮೂಲೆಯಲ್ಲೇ ನಿಲ್ಲುತ್ತದೆ. ಹತ್ತೇ ನಿಮಿಷದ ದಾರಿ. ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು.

“ಇಲ್ಲಿಂದ ಎಡಕ್ಕೆ ಹೋಗು. ಔಷಧಿ ಅಂಗಡಿ ಹತ್ರ ಮತ್ತೆ ಎಡಕ್ಕೆ. ಇಗರ್ಜಿ ಸಿಕ್ಕಿದ ಮೇಲೆ ಎಡಕ್ಕೆ. ಅಲ್ಲಿಂದ ನಲ್ಲಿಕಟ್ಟೆ ಹತ್ರ ಇನ್ನೊಂದು ಸಲ ಎಡಕ್ಕೆ.”

ಹಾಗೆ ಹೋದರೆ ಸಿಗುವುದು ನನ್ನ ಮನೆಯ ಬಾಗಿಲೇ. ಅವನು ಪುಸ್ತಕ ತೆಗೆಯಲಿಲ್ಲ. ಬೆಳಗ್ಗಿನಿಂದ ಊರಿನವರು ಹೇಳಿದ್ದನ್ನೆಲ್ಲ ಬರೆದುಕೊಂಡವನು ಇದೊಂದನ್ನು ಬರೆದುಕೊಳ್ಳಲಿಲ್ಲ.

“ಸ್ಮಶಾನದ ಗೋಡೆ ಸುತ್ತೋದು ಬೇಡ್ವಾ ಈ ಸಲ?” ಎಂದ.

“ಬೆಳಗ್ಗೆನೇ ಗೊತ್ತಾಗಿತ್ತಾ?”

“ನೀನು ಬಾಯಿ ತೆಗೆದ ತಕ್ಷಣ.”

“ಮತ್ಯಾಕೆ ಹೋದೆ, ಆ ಬಿಸಿಲಲ್ಲಿ?”

“ನಿನಗೆ ಹೊತ್ತು ಬೇಕಿತ್ತಲ್ಲ. ಆಮೇಲೆ ನಿಜವಾಗ್ಲೂ ದಾರಿ ತಪ್ತು, ಅದು ಬೇರೆ.” ಕೈಯಲ್ಲಿದ್ದ ಚೀಲವನ್ನು ಬಾಗಿಲ ಪಕ್ಕ ಗೋಡೆಗೆ ಒರಗಿಸಿ ಇಟ್ಟ. “ಎಡಕ್ಕೆ ನಾಲ್ಕು ಸಲ ತಾನೆ? ಇದನ್ನ ಯಾಕೆ ಹೊರಬೇಕು,” ಎಂದು ಮೆಟ್ಟಿಲಿಳಿದ.

ಇಗರ್ಜಿಯ ಹತ್ತಿರ, ನಲ್ಲಿಕಟ್ಟೆಯ ಹತ್ತಿರ ಈ ಹೊತ್ತಿಗೆ ಜನ ಸೇರುತ್ತಾರೆ, ಎಲ್ಲರೂ ಉಪಕಾರ ಮಾಡಲು ತುದಿಗಾಲಲ್ಲಿ ನಿಂತವರು. ಕಿಟಕಿಗೆ ಓಡಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ.

“ಎವಾರಿಸ್ತೊ, ಯಾರನ್ನೂ ದಾರಿ ಕೇಳ್ಬೇಡ!”

ಕಸಿಲ್ದಾ ಅಂಗಡಿಯಿಂದ ಹೊರಗೆ ಬಂದು ನೋಡಿದಳು. ಅವನು ತಿರುಗದೆ ಟೋಪಿ ಎತ್ತಿ ಆಡಿಸಿದ, ಆಮೇಲೆ ಔಷಧಿ ಅಂಗಡಿಯ ಹತ್ತಿರ ಎಡಕ್ಕೆ ತಿರುಗಿದ.