ಹಿಂಗಾಲಿನ ಮೂರು ಸ್ನಾಯು

ಚಿಂಪಾಂಜಿಯ ಕುತ್ತಿಗೆಗೆ ಹಗ್ಗ ಬಿಗಿದು ಎಳೆಯಲು ಇಬ್ಬರು ಆಳುಗಳು ಬೇಕಾದರು. ಕೊಯ್ದು ನೋಡಬೇಕಾದ ಮೈಗೆ ಗಾಯವಾಗಕೂಡದೆಂದು ಡಾಕ್ಟರ್ ಗ್ಯಾರೋಬಿಯ ಅಪ್ಪಣೆ. ಗುಂಡು ಬೇಡ, ಚಾಕು ಬೇಡ. ಅದು ಒಬ್ಬನ ಕಿರುಬೆರಳನ್ನು ಕಚ್ಚಿ ಉಗುಳಿತು, ಮೇಜಿನ ಕಾಲನ್ನು ಹಿಂಗಾಲಿನಿಂದ ಅವಚಿಕೊಂಡು ಒದ್ದಾಡಿತು, ಬಹಳ ಹೊತ್ತು ಒದ್ದಾಡಿಯೇ ಸತ್ತಿತು. ಥರ್ಜಾ ಮ್ಯಾಡಕ್ ಗೋಡೆಗೊರಗಿ ಎಲ್ಲವನ್ನೂ ನೋಡಿದಳು. ಅಚ್ಚಿನ ಕಲ್ಲಿನ ಮೇಲೆ ಚಿತ್ರ ಬರೆಯುವುದು ಅವಳ ಕಸುಬು. ಲಂಡನ್ನಿನ ಪಂಡಿತರಿಗೆ ಹದಿನಾರು ವರ್ಷದಿಂದ ಎಲುಬು, ನರ, ಮಾಂಸ ಬರೆದುಕೊಟ್ಟವಳು. ಅಂದು ಮಾತ್ರ ಅವಳಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಹಿಂಸೆಪಟ್ಟು ಸತ್ತದ್ದನ್ನು ಇದ್ದ ಹಾಗಾದರೂ ಬರೆಯಬೇಕು ಎಂದುಕೊಂಡಳು.

ಆ ವರ್ಷ ಊರಿಗೆಲ್ಲ ಒಂದೇ ಜಗಳ: ಮನುಷ್ಯನೂ ವಾನರನೂ ಒಂದೇ ಬುಡದಿಂದ ಬಂದವರೋ ಅಲ್ಲವೋ. ಅಲ್ಲವೆನ್ನುವವರಿಗೆ ಗ್ಯಾರೋಬಿಯೇ ಮುಂದಾಳು. ವಾನರನಿಗೆ ಪಾದವೇ ಇಲ್ಲ, ನಾಲ್ಕೂ ಕೈಗಳೇ, ಆದ್ದರಿಂದ ಅದು ನಮಗೆ ನಂಟಲ್ಲ ಎಂಬುದು ಅವನ ವಾದ. ಗಂಟಲು ಹರಿದುಕೊಳ್ಳುತ್ತಿದ್ದವರಲ್ಲಿ ಚಿಂಪಾಂಜಿಯನ್ನು ಕೊಯ್ದು ನೋಡಿದವರು ಎಷ್ಟು ಮಂದಿ? ಉಳಿದವರಿಗೆಲ್ಲ ಚಿತ್ರವೇ ಚಿಂಪಾಂಜಿ.

ಚರ್ಮ ಸುಲಿದಾಗ ಹಿಂಗಾಲಿನಲ್ಲಿ ಮೂರು ಸ್ನಾಯುಗಳು ಕಂಡವು. ಮನುಷ್ಯನ ಪಾದದಲ್ಲಿ ಇರುವಂಥವೇ, ಕೈಯಲ್ಲಿ ಎಂದೂ ಇರದಂಥವು. ಥರ್ಜಾ ಮೂರನ್ನೂ ಎಳೆ ಎಳೆಯಾಗಿ ಜಿಡ್ಡಿನ ಕಡ್ಡಿಯಿಂದ ಕಲ್ಲಿಗಿಳಿಸಿ, ಆಮ್ಲ ಬೆರೆಸಿದ ಗೋಂದು ಬಳಿದು, ತೊಳೆದು, ಮುಗಿಸಿದಳು.

“ಈ ಮೂರನ್ನ ತೆಗೀರಿ,” ಎಂದ ಗ್ಯಾರೋಬಿ.

“ಇದಾವಲ್ಲ ಡಾಕ್ಟ್ರೇ.”

“ಇದ್ರೆ ಇರ್ಲಿ. ನಿಮ್ಮನ್ನ ಕರೆಸಿದ್ದು ಬರೆಯೋಕೆ, ಎಣಿಸೋಕಲ್ಲ.”

“ಚಿತ್ರದ ಕೆಳಗೆ ನನ್ನ ಹೆಸರಿರುತ್ತೆ. ಸುಳ್ಳಿಗೆ ಹೆಸರು ಹಾಕೋಳಲ್ಲ ನಾನು. ಬೇಕಾದ್ರೆ ನೀವೇ ಕೂತ್ಕೊಂಡು ಗೀಚ್ಕೊಳ್ಳಿ.”

ಅವನು ಕಲ್ಲಿಗೆ ಕೈಹಾಕಿದ. ಅವಳು ಅದರಡಿಗೆ ಬೆರಳು ತೂರಿಸಿ ಬಿಗಿಹಿಡಿದಳು. ಅವನು ಒಂದು ಅಂಚನ್ನು ಎತ್ತಿ, ಅವಳ ಮುಖವನ್ನೇ ನೋಡುತ್ತಾ, ಬಿಟ್ಟುಬಿಟ್ಟ. ಇಬ್ಬರು ಹೊರುವ ಕಲ್ಲು ಅದು. ಅವಳ ಬಲಗೈಯ ಬೆರಳುಗಳು ಜಜ್ಜಿದ ಶುಂಠಿಯಂತಾದವು. ಅವಳು ಕಿರುಚಿ ನೆಲಕ್ಕೆ ಕುಸಿದರೆ, ಅವನು ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಮೂರು ಸ್ನಾಯುಗಳನ್ನು ಉಜ್ಜಿ ಒರೆಸಿದ. ಅಲ್ಲಿ ಕಲ್ಲು ಬೆಳ್ಳಗಾಯಿತು.

“ನೋಡಿದ್ರಾ? ಇಷ್ಟಕ್ಕೆ ಅಷ್ಟು ರಂಪ!”

ಅವಳು ನೋಡಿದಳು. ಹೇಳಬಹುದಾದ ಮಾತೊಂದಿತ್ತು. ಹಲ್ಲು ಕಚ್ಚಿ ಅದನ್ನು ನುಂಗಿಕೊಂಡಳು.

ಮರುದಿನ ಥರ್ಜಾಳ ಎದುರಿಗೇ ಅಚ್ಚಿನ ಮನೆಯ ಮುದುಕ ನೋಕ್ಸ್ ಕಲ್ಲಿಗೆ ನೀರು ಸವರಿ ಮಸಿಯ ಉರುಳೆ ಓಡಿಸಿದ. ಬೆಳ್ಳಗಿದ್ದ ಕಡೆ ಮೂರೂ ಸ್ನಾಯುಗಳು ಕಪ್ಪಗೆ ಎದ್ದು ಬಂದವು. ಟರ್ಪೆಂಟೈನ್ ಮೇಲಿನ ಕಪ್ಪನ್ನಷ್ಟೇ ಕಳೆಯುತ್ತದೆ. ಕಲ್ಲಿನೊಳಗೆ ಇಳಿದ ಜಿಡ್ಡು ಮರಳು ಹಾಕಿ ಅರೆಯದೆ ಹೋಗುವುದಿಲ್ಲ. ಅಚ್ಚಿನವರು ದಿನಾ ಚಿತ್ರವನ್ನು ಹಾಗೆ ಒರೆಸಿಯೇ ಮಸಿ ಹಚ್ಚುವುದು. ಹೆಣ ಕೊಯ್ಯುವ ಪಂಡಿತನಿಗೆ ಅದೆಲ್ಲಿಂದ ಗೊತ್ತಾಗಬೇಕು!

“ಇವನ್ನ ಯಾರೋ ಒರೆಸಿದ ಹಾಗಿದೆಯಲ್ಲ ಮಗಳೇ. ಅರೆದು ತೆಗೀಲಾ?”

“ಡಾಕ್ಟ್ರು ನಿಮಗೆ ಹಾಗಂದ್ರಾ ಅಜ್ಜ?”

“ಇಲ್ಲಪ್ಪ. ಇನ್ನೂರು ಹಾಳೆ, ನೆಟ್ಟಗೆ ಅವರ ಭಾಷಣದ ಸಭೆಗೇ ಕಳಿಸು ಅಂದ್ರು.”

“ಹಾಗಾದ್ರೆ ಇದ್ದ ಹಾಗೇ ಅಚ್ಚು ಹಾಕಿ.”

ನೋಕ್ಸ್ ಅವಳ ಕೈಕಟ್ಟು ನೋಡಿದ. “ಆ ಮನುಷ್ಯ ನಿನ್ನ ಕೊಂದೇಬಿಡ್ತಾನೆ ಕಣಮ್ಮ.”

“ಎರಡು ಬೆರಳು ಕತ್ತರಿಸಬೇಕಂತೆ. ಇನ್ನು ಕಡ್ಡಿ ಹಿಡಿಯೋ ಹಾಗಿಲ್ಲ ನಾನು. ಇದೇ ನನ್ನ ಕೊನೇದು, ಹಾಕಿ ಅಜ್ಜ,” ಎನ್ನುವಾಗ ಅವಳಿಗೆ ಅಳು ಒತ್ತರಿಸಿ ಬಂತು.

ಸಭೆ ಕಿಕ್ಕಿರಿದಿತ್ತು. ಅಚ್ಚಿನ ಮನೆಯಿಂದ ಹಾಳೆಗಳ ಕಟ್ಟು ಬಂದಾಗ ಗ್ಯಾರೋಬಿ ಆಗಲೇ ವೇದಿಕೆ ಹತ್ತಿದ್ದ. ಹಾಳೆಗಳು ಕೈಯಿಂದ ಕೈಗೆ ಹರಿದವು. “ಪಾದದ ಸ್ನಾಯು ಇಲ್ಲಿ ಒಂದಾದ್ರೂ ಕಾಣುತ್ತಾ, ಹೇಳಿ!” ಎಂದು ಅವನು ಗುಡುಗಿದ.

“ಒಂದಲ್ಲ ಸ್ವಾಮಿ, ಮೂರು ಕಾಣ್ತಾ ಇವೆ!” ಎಂದು ಹಿಂದಿನಿಂದ ಯಾರೋ ಕೂಗಿದರು.

ನಗೆ, ಸಿಳ್ಳೆ, ಆಮೇಲೆ ಕುರ್ಚಿಗಳು. ಪಾದ್ರಿಯೊಬ್ಬನ ಹಣೆ ಒಡೆಯಿತು. ವಿದ್ಯಾರ್ಥಿಗಳು ಕೊರಳಪಟ್ಟಿ ಹಿಡಿದು ಗುದ್ದಾಡಿದರು. ಗ್ಯಾರೋಬಿ ಹಾಳೆಯೊಂದನ್ನು ಕಿತ್ತುಕೊಂಡು ನೋಡಿ ಬಿಳಿಚಿಕೊಂಡ.

“ಯಾರು ಮಾಡಿದ್ದಿದು? ಯಾರು?”

ಥರ್ಜಾ ಎದ್ದು ನಿಂತಳು. “ನಾನು.”

ಅವನು ಬೆಂಚುಗಳನ್ನು ದಾಟಿ ಬಂದು ಬೆತ್ತ ಬೀಸಿದ. ಅವಳ ಕೆನ್ನೆ ಸೀಳಿತು. ನಾಲ್ಕು ಮಂದಿ ಅವನ ಮೇಲೆ ಬಿದ್ದು ಹಿಡಿದರು. ಕೆನ್ನೆಯ ರಕ್ತ ಅವಳ ಎಡಗೈಯಲ್ಲಿದ್ದ ಹಾಳೆಯ ಮೇಲೆ ತೊಟ್ಟಿಕ್ಕಿ ಹರಡುತ್ತಿತ್ತು. ಅವಳು ಅದನ್ನು ತೋಳಿನಿಂದ ಒರೆಸಿ, ಸ್ನಾಯುಗಳು ಮೂರೂ ಕಾಣುವಂತೆ ಪಕ್ಕದವನ ಕೈಗೆ ಕೊಟ್ಟಳು.