ಕೇಳಿಸದ ಸಾಲು

ಸಭಾಂಗಣದ ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೊಂದು ತಟ್ಟೆ, ತಟ್ಟೆಯ ತುಂಬ ಹಳದಿ ಬಣ್ಣದ ಇಯರ್ ಪ್ಲಗ್‌ಗಳು. ಮದುವೆಮನೆಯಲ್ಲಿ ಕಲ್ಲುಸಕ್ಕರೆ ಇಡುತ್ತಾರಲ್ಲ, ಹಾಗೆ ಇಟ್ಟಿದ್ದರು.

"ಒಳಗೆ ಸೌಂಡ್ ಸ್ವಲ್ಪ ಜಾಸ್ತಿ ಇರುತ್ತೆ ಮೇಡಂ. ಕಿವಿಗೆ ಹಾಕ್ಕೊಳ್ಳಿ, ಸೇಫ್ಟಿಗೆ" ಎಂದಳು ಮೇಜಿನ ಹಿಂದೆ ನಿಂತಿದ್ದ ಹುಡುಗಿ.

ನಿವೇದಿತಾಗೆ ಅಲ್ಲಿಯೇ ಪಿತ್ತ ನೆತ್ತಿಗೇರಿತು. ಪಕ್ಕದಲ್ಲಿದ್ದ ಅಂಜನ್ ಮಾತ್ರ ಒಂದು ಜೊತೆ ಎತ್ತಿಕೊಂಡು, ಬೆರಳಲ್ಲಿ ಹಿಸುಕಿ ನೋಡಿ, "ಮೆತ್ತಗೈತೆ" ಎಂದು ಜೇಬಿಗೆ ಹಾಕಿಕೊಂಡ. ಅವನಿಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಅವನ ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಗೆ ಮೆಷೀನು ಸಿಕ್ಕಿಸಿಕೊಂಡರೆ ಅಷ್ಟಿಷ್ಟು ಕೇಳಿಸುತ್ತಿತ್ತು, ಅದನ್ನೂ ಈಗ ತೆಗೆದು ಅದೇ ಜೇಬಿಗೆ ಇಳಿಸಿದ. ಭಾಷಣ ಕೇಳೋಕೆ ಬ್ಯಾಟರಿ ಯಾಕೆ ದಂಡ ಎಂದು ನಕ್ಕ.

ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಕಂಪನಿಯ ಸಭಾಂಗಣ ಅದು. ಅವತ್ತು ಅಲ್ಲಿ 'ಕರ್ಕಶ' ಎಂಬ ಪತ್ರಿಕೆಯ ಚರಿತ್ರೆಯನ್ನು ಹೇಳುವ ಪುಸ್ತಕದ ಬಿಡುಗಡೆ. ಬರೆದವನು ಸಿದ್ದಾರ್ಥ್. ಆ ಕಂಪನಿಯಲ್ಲಿ ಕಲೆ, ಸಂಸ್ಕೃತಿಯ ವಿಭಾಗಕ್ಕೆ ಅವನೇ ಮುಖ್ಯಸ್ಥ. ಒಂದು ಕಾಲಕ್ಕೆ ಈ ಮೂವರೂ ಸೇರಿಯೇ 'ಕರ್ಕಶ' ನಡೆಸಿದ್ದರು. ಚರಿತ್ರೆ ಬರೀತೀನಿ ಎಂದು ಅವನು ನಿವೇದಿತಾಳ ಬೇಗೂರಿನ ಅಪಾರ್ಟ್‌ಮೆಂಟಿಗೆ ಬಂದು ಕೂತಾಗ ಅವಳು ತನ್ನ ಬಳಿ ಇದ್ದ ಹಳೆಯ ಸಂಚಿಕೆ, ಫೋಟೋ, ಕ್ಯಾಸೆಟ್ಟು ಎಲ್ಲವನ್ನೂ ಚೀಲಕ್ಕೆ ತುಂಬಿ ಕೊಟ್ಟಿದ್ದಳು. ಪ್ರತಿಯಾಗಿ ಕೇಳಿದ್ದು ಒಂದೇ. ಅಂಜನ್ ಹೆಸರು ಬರಬೇಕು, ಅವನ ಕಿವಿ ಹೇಗೆ ಹೋಯಿತು ಅನ್ನುವುದು ಬರಬೇಕು. "ಅದಿಲ್ದೆ ಚರಿತ್ರೆ ಹೇಗಾಗುತ್ತೆ ಕಣೆ" ಎಂದು ಅವಳ ಕೈಯಿಂದಲೇ ಕಾಫಿ ಕುಡಿದು ಹೋಗಿದ್ದ.

'ಕರ್ಕಶ' ಹುಟ್ಟಿದ್ದು ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ, ಅಂಜನ್ ತಂದೆ ಆವಲಪ್ಪನವರ ಶೆಡ್ಡಿನಲ್ಲಿ. ಆವಲಪ್ಪನವರದು ಆ ಕಡೆಯ ಹಳೇ ಮನೆತನ. ಹೊಲ ಇದ್ದ ಜಾಗದಲ್ಲಿ ಕಾರ್ಖಾನೆಗಳು ಎದ್ದಾಗ ಅವರೂ ಉಳಿದ ಚೂರು ಜಾಗದಲ್ಲಿ ಶೀಟು ಹಾಕಿ ಒಂದು ಪವರ್ ಪ್ರೆಸ್ ಇಟ್ಟಿದ್ದರು. ತಗಡು ಒಳಗೆ ಕೊಟ್ಟರೆ ಧಡ್ ಎಂದು ಗುದ್ದಿ ಬಾಗಿಲಿನ ಕೀಲು ಮಾಡಿ ಉದುರಿಸುವ ಯಂತ್ರ ಅದು. ಅದರ ಸದ್ದನ್ನು ಅಂಜನ್ ಕ್ಯಾಸೆಟ್ಟಿಗೆ ಹಿಡಿದು, ನಿಧಾನ ಮಾಡಿ, ಒಂದರ ಮೇಲೊಂದು ಕೂರಿಸಿ, ಎಂಜಿನಿಯರಿಂಗ್ ಓದುತ್ತಿದ್ದ ಈ ಇಬ್ಬರಿಗೆ ಕೇಳಿಸಿದ್ದೇ ಪತ್ರಿಕೆಗೆ ನಾಂದಿ. ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆಯನ್ನು ಸಂಗೀತ ಎನ್ನುವವರು, ತಂಬೂರಿಯ ತಂತಿ ಸಡಿಲ ಬಿಟ್ಟು ಮೀಟುವವರು, ವೈಟ್‌ಫೀಲ್ಡಿನ ಯಾವುದೋ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ರೋಲಿಂಗ್ ಶಟರ್ ಎಳೆದೆಳೆದು ಕಛೇರಿ ಮಾಡುವವರು, ಇಂಥವರನ್ನೆಲ್ಲ ಬೇರೆ ಯಾವ ಪತ್ರಿಕೆಯೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. 'ಕರ್ಕಶ' ಬಿಟ್ಟುಕೊಂಡಿತು. ಝೆರಾಕ್ಸ್ ಮಾಡಿಸಿ, ಪಿನ್ನು ಹೊಡೆದು, ಪ್ರತಿ ಸಂಚಿಕೆಯ ಜೊತೆ ಒಂದು ಕ್ಯಾಸೆಟ್ಟು ಕಟ್ಟಿ ಹಂಚುತ್ತಿದ್ದರು. ಓದಿದವರಲ್ಲಿ ಅರ್ಧ ಜನ ಬೈದರು. ಬೈದವರು ಮುಂದಿನ ಸಂಚಿಕೆಯನ್ನೂ ಕೇಳಿ ಪಡೆದರು.

ಪತ್ರಿಕೆಗೆ ಎರಡು ನಿಯಮವಿತ್ತು, ಎರಡೂ ಸಿದ್ದಾರ್ಥನ ತಲೆಯಲ್ಲಿ ಹುಟ್ಟಿದವು. ಸದ್ದಿಗೆ ಯಜಮಾನರಿಲ್ಲ, ಆದ್ದರಿಂದ ಪತ್ರಿಕೆಯಲ್ಲಿ ಯಾರ ಹೆಸರೂ ಇರಕೂಡದು ಎನ್ನುವುದು ಒಂದು. ಕೇಳಿಸದ ಸಾಲು ಅಚ್ಚಾಗಕೂಡದು ಎನ್ನುವುದು ಇನ್ನೊಂದು. ಭಾನುವಾರ ಕೆಲಸಗಾರರಿಗೆ ರಜೆ. ಅವತ್ತು ಅಂಜನ್ ಆ ಪವರ್ ಪ್ರೆಸ್ ಓಡಿಸಬೇಕು. ಲೇಖನ ಬರೆದವರು ಯಂತ್ರದ ಈಚೆ ನಿಂತು ಒಂದೊಂದೇ ಸಾಲು ಓದಬೇಕು. ಆಚೆ ಕೂತ ಅಂಜನ್‌ಗೆ ಕೇಳಿಸಿದರೆ ಸಾಲು ಉಳಿಯಿತು. ಕೇಳಿಸದಿದ್ದರೆ ಅವನು ಎಡಗೈ ಎತ್ತುತ್ತಿದ್ದ, ಆ ಸಾಲು ಹೋಯಿತು. ಎಷ್ಟು ಚೆಂದದ ಸಾಲಾದರೂ ಸರಿ, ಮೇಲ್ಮನವಿ ಇಲ್ಲ. ಹಾಗಾಗಿ 'ಕರ್ಕಶ'ದಲ್ಲಿ ನೀಳ ವಾಕ್ಯಗಳೇ ಇರಲಿಲ್ಲ. ನಿವೇದಿತಾ ಗಂಟಲು ಬಿಟ್ಟು ಕೂಗಲು ಕಲಿತದ್ದೂ ಅಲ್ಲಿಯೇ. ದಾವಣಗೆರೆಯಲ್ಲಿ ಅವಳ ಅಮ್ಮ ಕಮಲಮ್ಮ ಫೋನಿನಲ್ಲಿ, "ಯಾಕವ್ವ ಹಿಂಗ ಒದರತಿ" ಎಂದು ಗಾಬರಿಯಾಗುತ್ತಿದ್ದರು.

ಆವಲಪ್ಪ ಹತ್ತಿಯ ಉಂಡೆ ಹಿಡಿದುಕೊಂಡು ಬರುತ್ತಿದ್ದರು. "ಇದ ಇಟ್ಕಳ್ರಪ್ಪ ಕಿವೀಗೆ. ಇಂಗೇ ಕುಂತ್ರೆ ಓಯ್ತವೆ."

ಸಿದ್ದಾರ್ಥ್ ನಗುತ್ತಿದ್ದ. ಕಿವಿ ಮುಚ್ಚಿಕೊಂಡು ಕೇಳುವುದು ಮೋಸ ಎಂದು ಮೊದಲ ಸಂಚಿಕೆಯ ಹಿಂಬದಿಯಲ್ಲೇ ದಪ್ಪಕ್ಷರದಲ್ಲಿ ಹಾಕಿಸಿದ್ದ. ಮೂವರೂ ಅದನ್ನು ನಂಬಿದ್ದರು. ಓದುವವರು ಬಂದು ಸ್ವಲ್ಪ ಹೊತ್ತು ಅರಚಿ, ಟೀ ಕುಡಿಯಲು ಹೊರಗೆ ಹೋಗುತ್ತಿದ್ದರು. ಮೂವರಲ್ಲಿ ಪ್ರೆಸ್ ಓಡಿಸಲು ಬರುತ್ತಿದ್ದುದು ಅಂಜನ್‌ಗೆ ಒಬ್ಬನಿಗೇ, ಆದ್ದರಿಂದ ಎಲ್ಲರ ಲೇಖನಕ್ಕೂ ಅವನೇ ಕೂರಬೇಕು. ಎಂಟು ವರ್ಷ ಕೂತ. ಕೊನೆಕೊನೆಗೆ ಅವನ ಕೈ ಮೇಲೇಳುವುದು ಹೆಚ್ಚಾಯಿತು. ಇವನು ಬಹಳ ಕಟ್ಟುನಿಟ್ಟು ಎಂದು ಎಲ್ಲರೂ ಹೊಗಳಿದರು. ಅವನಿಗೆ ಕೇಳಿಸುವುದೇ ನಿಂತುಹೋಗುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅವನ ಕಿವಿ ಹೋಗಿದೆ ಎಂದು ಡಾಕ್ಟರು ಹೇಳಿದ ತಿಂಗಳಲ್ಲೇ ಪತ್ರಿಕೆ ನಿಂತಿತು. ಸಿದ್ದಾರ್ಥ್ ಅದೇ ವರ್ಷ ಈ ಕಂಪನಿ ಸೇರಿದ.

ಈಗ ಮೂರನೇ ಸಾಲಿನಲ್ಲಿ ಕೂತು ನಿವೇದಿತಾ ಪುಸ್ತಕ ತೆರೆದಳು. ನುಣುಪು ಕಾಗದ, ಕೈಗೆ ಭಾರ. ಹೊದಿಕೆಯ ಮೇಲೆ ಸಿದ್ದಾರ್ಥನ ಹೆಸರು ಪತ್ರಿಕೆಯ ಹೆಸರಿಗಿಂತ ದೊಡ್ಡದಾಗಿತ್ತು. ಒಳಗೆ ಅವಳು ಕೊಟ್ಟ ಫೋಟೋಗಳು. ಪ್ರೆಸ್ಸಿನ ಅಧ್ಯಾಯದಲ್ಲಿ ಹುಡುಕಿದಳು, ಹಿಂದೆ ಮುಂದೆ ತಿರುವಿದಳು. ಅಂಜನ್ ಎಂಬ ಹೆಸರೇ ಇರಲಿಲ್ಲ. ಒಂದು ಸಾಲು ಇತ್ತು. 'ಪೀಣ್ಯದ ಒಬ್ಬ ಕಾರ್ಮಿಕ ನಮ್ಮ ಕಿವಿಯಾಗಿದ್ದ.'

ಅವಳ ಮೈಯೆಲ್ಲ ಉರಿದುಹೋಯಿತು. ಪುಸ್ತಕವನ್ನು ಅಂಜನ್ ತೊಡೆಯ ಮೇಲೆ ಹಾಕಿ ಸಾಲಿನ ಮೇಲೆ ಬೆರಳಿಟ್ಟಳು. ಅವನು ಓದಿ, ತುಟಿ ಓರೆ ಮಾಡಿ, "ಕಾರ್ಮಿಕ ಅಂತೆ. ನಮ್ಮಪ್ಪ ಕೇಳಿದ್ರೆ ಬಯ್ಯೋರು, ಸಂಬಳ ಯಾರು ಕೊಟ್ರು ಅಂತ" ಎಂದ. ಅವನು ನಗುತ್ತಿದ್ದಷ್ಟೂ ಅವಳಿಗೆ ಸಿಟ್ಟು ಹೆಚ್ಚಿತು. ಈ ಮನುಷ್ಯ ಒಮ್ಮೆಯಾದರೂ ಬೈಯಬಾರದೇ ಎನ್ನಿಸಿತು.

ವೇದಿಕೆಯ ಪಕ್ಕ ಸಿದ್ದಾರ್ಥ್ ಕಾಲರ್ ಮೈಕು ಸಿಕ್ಕಿಸಿಕೊಳ್ಳುತ್ತಿದ್ದ. ಅವಳು ನೇರವಾಗಿ ಹೋಗಿ ಎದುರು ನಿಂತಳು.

"ಅಂಜನ್ ಹೆಸರು ಎಲ್ಲೋ?"

"ನಿವಿ, ಈಗ ಬೇಡ್ವೇ. ಆಮೇಲೆ ಕೂತು ಮಾತಾಡೋಣ."

"ಎಲ್ಲೋ ಅಂದೆ."

"ನಮ್ಮ ರೂಲೇ ಅದಲ್ವಾ? ಯಾರ ಹೆಸರೂ ಇರಬಾರದು ಅಂತ. ನೀನೇ ಒಪ್ಕೊಂಡಿದ್ದೆ."

"ಕವರ್ ಮೇಲೆ ಇರೋದು ಯಾರ ಹೆಸರು? ನಿಮ್ಮ ತಾತಂದಾ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಲೀಗಲ್‌ನವರು ಒಪ್ಪಲಿಲ್ಲ ಕಣೆ. ಹೆಸರು ಹಾಕಿದ್ರೆ ಕಿವಿ ವಿಷಯ ಬರುತ್ತೆ. ಕಿವಿ ವಿಷಯ ಬಂದ್ರೆ, ಆ ರೂಲ್ ಮಾಡ್ದೋನು ಯಾರು ಅಂತ ಬರುತ್ತೆ. ಕಂಪನಿ ದುಡ್ಡಲ್ಲಿ ಬರ್ತಿರೋ ಪುಸ್ತಕ. ಅರ್ಥ ಮಾಡ್ಕೋ. ಅಂಜನ್‌ಗೇ ಬೇಜಾರಿಲ್ಲ, ನಿನಗ್ಯಾಕೆ?"

ಹೀಗೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನ ಕೆನ್ನೆಗೆ ಬಿಗಿಯಬೇಕು ಎಂದು ಅವಳ ಕೈ ತುರಿಸಿತು. ಮೇಲಿನವರ ಭಯವನ್ನು ಅವನು ಅಂಜನ್‌ನ ದೊಡ್ಡ ಮನಸ್ಸಿನ ಮೇಲೆ ಹೊರಿಸಿ ಕೈ ತೊಳೆದುಕೊಂಡಿದ್ದ. ಅಷ್ಟರಲ್ಲಿ ನಿರೂಪಕರು ಮೈಕಿನಲ್ಲಿ ಅವನ ಹೆಸರನ್ನೂ, ಅವತ್ತಿನ ಅತಿಥಿ ಎಂದು ಅವಳ ಹೆಸರನ್ನೂ ಕರೆದರು. ಅವಳು ಹಲ್ಲು ಕಚ್ಚಿಕೊಂಡು ಅವನ ಹಿಂದೆ ವೇದಿಕೆ ಹತ್ತಿದಳು.

ಕಾರ್ಯಕ್ರಮಕ್ಕೆ ಒಂದು ಅಲಂಕಾರ ಮಾಡಿದ್ದರು. ನಾಲ್ಕೂ ಮೂಲೆಯ ದೊಡ್ಡ ಸ್ಪೀಕರುಗಳಿಂದ ಪವರ್ ಪ್ರೆಸ್ಸಿನ ಸದ್ದು ಬಂತು. ಅಂಜನ್ ಹಿಡಿದಿದ್ದ ಅದೇ ಹಳೆಯ ಕ್ಯಾಸೆಟ್ಟು. ಧಡ್, ಧಡ್, ಧಡ್. ಜನ ಇಯರ್ ಪ್ಲಗ್ ಒತ್ತಿಕೊಂಡು, ಫೋನು ಎತ್ತಿ ಹಿಡಿದು ಖುಷಿಪಟ್ಟರು. ತುಸು ಹೊತ್ತಿನ ನಂತರ ಸದ್ದು ಇಳಿಸುವುದು, ಆಗ ಸಿದ್ದಾರ್ಥ್ ಪುಸ್ತಕದ ಒಂದು ಪುಟ ಓದುವುದು ಎಂದು ನಿಗದಿಯಾಗಿತ್ತು.

ಸದ್ದು ಇಳಿಯತೊಡಗಿದಾಗ ನಿವೇದಿತಾ ಸೌಂಡಿನವನತ್ತ ತಿರುಗಿ, "ಇಳಿಸಬೇಡಿ ಅಣ್ಣ, ಜಾಸ್ತಿ ಮಾಡಿ" ಎಂದಳು. ವೇದಿಕೆಯ ಮೇಲಿನ ಅತಿಥಿ ಹೇಳಿದರು ಎಂದು ಅವನು ಏರಿಸಿದ. ಅವಳು ಮೈಕಿಗೆ ಕಾಯಲಿಲ್ಲ. ಎಂಟು ವರ್ಷದ ಗಂಟಲು ಅದು, ಮೈಕು ಬೇಕಿರಲಿಲ್ಲ.

"ಕರ್ಕಶದಲ್ಲಿ ಪ್ರೆಸ್ ಮುಂದೆ ಓದದೆ ಏನೂ ಅಚ್ಚಾಗ್ತಿರಲಿಲ್ಲ. ಕೇಳೋನು ಕೈ ಎತ್ತಿದ್ರೆ ಆ ಸಾಲು ಹೋಗ್ತಿತ್ತು. ಈ ಪುಸ್ತಕ ಆ ಪರೀಕ್ಷೆ ಕೊಟ್ಟಿಲ್ಲ. ಈಗ ಕೊಡುತ್ತೆ. ಕೇಳ್ತಿದ್ದೋನು ಇಲ್ಲೇ ಕೂತಿದಾನೆ, ಮೂರನೇ ಸಾಲಲ್ಲಿ. ಓದು ಸಿದ್ದಾರ್ಥ್. ಆ ಕಾರ್ಮಿಕನ ಸಾಲಿಂದ ಓದು."

ಜನ ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅಷ್ಟು ಫೋನುಗಳ ಎದುರು ಸಿದ್ದಾರ್ಥ್ ಇಲ್ಲ ಎನ್ನುವ ಹಾಗಿರಲಿಲ್ಲ. ನಗುತ್ತಲೇ ಪುಟ ತೆಗೆದು ಓದಿದ. ಅವನ ಬಾಯಿ ಆಡುವುದು ಮಾತ್ರ ಕಂಡಿತು. ಪ್ರೆಸ್ಸಿನ ಗುದ್ದು ಅಂಗಾಲಿಗೆ ತಾಗುತ್ತಿತ್ತು, ಎದುರಿಗೆ ಒಬ್ಬ ಓದುತ್ತಿದ್ದ, ಅಂಜನ್‌ಗೆ ಅಷ್ಟರಲ್ಲೇ ತಿಳಿಯಿತು. ಒಮ್ಮೆ ನಿವೇದಿತಾಳ ಮುಖ ನೋಡಿದ. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಆ ಹಳೆಯ ಭಾನುವಾರಗಳಲ್ಲಿ ಎತ್ತುತ್ತಿದ್ದ ಹಾಗೆಯೇ ಎಡಗೈ ಎತ್ತಿದ.

ಸಿದ್ದಾರ್ಥ್ ದನಿ ಏರಿಸಿ ಮತ್ತೆ ಓದಿದ. ಮೈಕಿನ ಸದ್ದೂ ಪ್ರೆಸ್ಸಿನ ಸದ್ದೂ ಸೇರಿ ಒಂದು ಗಲಾಟೆಯಾಯಿತೇ ಹೊರತು ಮಾತು ಹೊರಡಲಿಲ್ಲ. ಕೈ ಇಳಿಯಲಿಲ್ಲ. ಸಿದ್ದಾರ್ಥನ ನಗು ಮುಗಿದಿತ್ತು. ಅವನು ಸೌಂಡಿನವನ ಕಡೆ ಕತ್ತು ಕೊಯ್ಯುವ ಸನ್ನೆ ಮಾಡಿದ. ಸದ್ದು ಥಟ್ಟನೆ ನಿಂತಿತು.

ಜನ ಒಬ್ಬೊಬ್ಬರಾಗಿ ಇಯರ್ ಪ್ಲಗ್ ತೆಗೆದರು. ಸಿದ್ದಾರ್ಥ್ ಬೆವರು ಒರೆಸಿಕೊಂಡು, ತಪ್ಪಿಲ್ಲದ ಉಚ್ಚಾರಣೆಯಲ್ಲಿ ನಿಧಾನವಾಗಿ ಓದಿದ.

"ಪೀಣ್ಯದ ಒಬ್ಬ ಕಾರ್ಮಿಕ ನಮ್ಮ ಕಿವಿಯಾಗಿದ್ದ."

ಹಿಂದಿನ ಸಾಲಿನವರಿಗೂ ಒಂದೊಂದು ಅಕ್ಷರ ಕೇಳಿಸಿತು. ಅಂಜನ್‌ನ ಕೈ ಹಾಗೆಯೇ ಮೇಲಿತ್ತು.

ಯಾರೋ ಇಬ್ಬರು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಒಬ್ಬೊಬ್ಬರೇ ಆ ಕೈಯನ್ನು, ಕೈಯ ಕೆಳಗಿನ ಮನುಷ್ಯನನ್ನು ತಿರುಗಿ ನೋಡಿದರು. ಮುಂದಿನ ಸಾಲಿನ ಹೆಂಗಸೊಬ್ಬಳು ತನ್ನ ಅಂಗೈಯಲ್ಲಿದ್ದ ಹಳದಿ ಪ್ಲಗ್ ನೋಡಿಕೊಂಡು ಮುಷ್ಟಿ ಮುಚ್ಚಿದಳು.

"ಕೇಳಿಸ್ಲಿಲ್ವಂತೆ" ಎಂದಳು ನಿವೇದಿತಾ. "ಆ ಸಾಲು ತೆಗಿ."

ಸಿದ್ದಾರ್ಥ್ ಮುಂದಕ್ಕೆ ಬಾಗಿದ. ಕಾಲರ್ ಮೈಕು ಇನ್ನೂ ಚಾಲೂ ಇದೆ ಎನ್ನುವುದು ಅವನಿಗೆ ಮರೆತೇಹೋಗಿತ್ತು. "ಅಂಜನ್, ಸಾಕು ಬಿಡೋ. ಅಂಜನ್, ಕೈ ಇಳಿಸೋ ಮಗಾ. ಎಲ್ಲರೂ ನೋಡ್ತಿದಾರೆ."

ಪುಸ್ತಕದಲ್ಲಿ ಎಲ್ಲಿಯೂ ಇಲ್ಲದ ಹೆಸರು ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಹೊರಬಂತು. ಎಲ್ಲರಿಗೂ ಕೇಳಿಸಿತು. ಕೈ ಇಳಿಯಲಿಲ್ಲ.