ನಡುನೀರಿನಲ್ಲಿ ನಿಂತ ದೋಣಿ

ನಸುಕಿನಲ್ಲೇ ಎದ್ದ ಗಾಳಿ ಬಿಸಿಲೇರಿದರೂ ಅಡಗಿರಲಿಲ್ಲ. ಬಾಗಿಲು ಬಡಿಯದಂತೆ ಅಡ್ಡವಿಟ್ಟಿದ್ದ ಇಸ್ತ್ರಿಪೆಟ್ಟಿಗೆಯನ್ನು ಎಡವಿಕೊಂಡೇ ಅವಳು ಒಳಗೆ ಬಂದಳು. ಹೆಗಲ ಚೀಲ ಇಳಿಸಲಿಲ್ಲ.

ನಡುಮನೆಯಲ್ಲಿ ಇಸ್ತ್ರಿಯಮ್ಮ ಮಲಗಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಯಾರು ಯಾರದೋ ಹೊದಿಕೆಗಳ ಸುಕ್ಕು ತೆಗೆಯುತ್ತ ಆಯುಷ್ಯ ಸವೆಸಿದ ಜೀವ. ಈಗ ಅವಳ ಮೇಲಿನ ಹೊದಿಕೆಯನ್ನು ಲಾಂಡ್ರಿಯ ಗೆಳತಿ ಅಂಗೈಯಿಂದ ಸವರುತ್ತಿದ್ದಳು.

“ಬಾ ಟೀಚರಮ್ಮ, ಕೂತ್ಕೋ. ಸ್ಮಶಾನದ ವ್ಯಾನು ಇನ್ನೂ ಬಂದಿಲ್ಲ. ಒಂದು ದಿನಾನೂ ಡ್ಯೂಟಿಗೆ ತಡ ಮಾಡಿದೋಳಲ್ಲ, ಇವತ್ತು ನೋಡು, ಹೊರಡೋಕೇ ತಡ.”

ಅವಳು ಟೀಚರಲ್ಲ. ವಯಸ್ಸಾದವರು ಓದು ಕಲಿಯುವ ಬಗೆಯ ಮೇಲೆ ಎಂ.ಎ. ಪ್ರಬಂಧ ಬರೆಯುತ್ತಿದ್ದವಳು ಅವಳು. ಇಸ್ತ್ರಿಯಮ್ಮ ಹೋಗುತ್ತಿದ್ದ ಸಂಜೆ ಶಾಲೆಯಲ್ಲಿ ಕಲಿಸುವುದು ಮೇಷ್ಟರ ಕೆಲಸ. ಪಕ್ಕದಲ್ಲಿ ಕೂತು ನೋಡುವುದಷ್ಟೇ ಇವಳ ಕೆಲಸ.

ಕೂತಳು, ಎದ್ದಳು, ಕಿಟಕಿಯ ತನಕ ಹೋಗಿ ಬಂದಳು. ಚೀಲದೊಳಗೆ ಇಸ್ತ್ರಿಯಮ್ಮನ ಕತೆಪುಸ್ತಕ ಕಲ್ಲಿನಂತೆ ಭಾರವಾಗಿತ್ತು.

“ಅಮ್ಮ ಕೊನೇ ತನಕ ಕೇಳ್ತಿದ್ಲು,” ಎಂದಳು ಮಗಳು, ಮುಖ ನೋಡದೆ. “ಹುಡುಗಿ ಬಂದ್ಲಾ, ಪುಸ್ತಕ ತಂದ್ಲಾ ಅಂತ.”

* * *

ಓದುವ ಮುಂಚೆ ಹಾಳೆಯನ್ನೂ ಅಂಗೈಯಿಂದ ಸವರುವುದು ಇಸ್ತ್ರಿಯಮ್ಮನ ರೂಢಿಯಾಗಿತ್ತು. ಒಂದು ಸಂಜೆ ಯಾವುದೋ ಒತ್ತಕ್ಷರದಲ್ಲಿ ಸಿಕ್ಕಿಕೊಂಡು ಹುಡುಗಿಯ ಮುಖ ನೋಡಿದಳು. ಓದುಗರು ತಡವರಿಸಿದರೆ ನೆರವಾಗಬಾರದು, ಗುರುತು ಹಾಕಿಕೊಳ್ಳಬೇಕು. ಅಧ್ಯಯನದ ಕಟ್ಟಳೆ ಅದು. ಹುಡುಗಿ ತುಟಿ ಬಿಗಿದು ಕೂತಳು.

“ಒಂದು ಪದ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?”

“ಪರೀಕ್ಷೆ ಮುಗೀಲಿ ಅಮ್ಮಾ, ಕೇಳಿದ್ದೆಲ್ಲ ಹೇಳ್ಕೊಡ್ತೀನಿ.”

“ಹಾಗಾದ್ರೆ ಸಾಲ ಅನ್ನು.” ಇಸ್ತ್ರಿಯಮ್ಮ ನಕ್ಕಿದ್ದಳು.

ಕತೆಪುಸ್ತಕದ ಕೊನೆಯ ಅಧ್ಯಾಯವೇ ಪರೀಕ್ಷೆ. ಅವಳು ಮೊದಲೇ ಓದಿಬಿಟ್ಟರೆ ಫಲಿತಾಂಶ ಕೆಡುತ್ತದೆಂದು ಹುಡುಗಿ ಪುಸ್ತಕವನ್ನೇ ಒಯ್ದಿದ್ದಳು. ಆಮೇಲೆ ಮಾರ್ಗದರ್ಶಕರು ಪ್ರಬಂಧದ ಮೊದಲ ಭಾಗ ತಿದ್ದಿ ಬರೆಯಲು ಹೇಳಿದರು. ಮುಂದಿನ ವಾರ, ಅದರ ಮುಂದಿನ ವಾರ ಎನ್ನುತ್ತ ಪರೀಕ್ಷೆ ಮುಂದಕ್ಕೆ ಹೋಯಿತು. ದೇವರು ಅಷ್ಟು ಕಾಯಲಿಲ್ಲ.

* * *

ಮಿಲ್ಲಿನ ಗೇಟು ಕಾದು ನಿವೃತ್ತನಾದ ಇಸ್ತ್ರಿಯಮ್ಮನ ಗಂಡ ಮೂಲೆಯ ಸ್ಟೂಲಿನ ಮೇಲಿದ್ದ. ಹುಡುಗಿ ಕೊನೆಗೂ ಚೀಲದ ಜಿಪ್ ಎಳೆದಳು.

“ಅಜ್ಜಾ, ಇದು ಅಮ್ಮನ ಪುಸ್ತಕ. ಕೊನೇದನ್ನ ಓದೋಕೆ ನಾನೇ ಬಿಡ್ಲಿಲ್ಲ. ಈಗ ಓದಿ ಹೇಳ್ಲಾ?”

“ಬೇಡ. ಇಲ್ಲಿ ಕೊಡು.”

“ನಿಮಗೆ ಓದೋಕೆ...”

“ಬರುತ್ತಮ್ಮ!” ಎಂದಳು ಗೆಳತಿ. “ಶಾಲೇಲಿ ಕಲಿತಿದ್ದನ್ನೆಲ್ಲ ಮನೇಲಿ ಇವರ ಮೇಲೆ ತೀರಿಸ್ಕೊಳ್ತಿದ್ಲು. ಮೇಷ್ಟರಿಗಿಂತ ಜೋರು.”

ಸಾವಿನ ಮನೆಯಲ್ಲಿ ಒಂದು ಸಣ್ಣ ನಗು ಹಾದುಹೋಯಿತು. ಮಗಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ಕತೇಲಿ ಅಂಬಿಗರ ಹುಡುಗಿ ನಡುನೀರಲ್ಲೇ ನಿಂತುಬಿಟ್ಟಿದ್ದಾಳೆ,” ಎಂದ ಅಜ್ಜ. “ದಡ ಸೇರ್ತಾಳೆ ಅಂತ ಇವಳು, ಮುಳುಗ್ತಾಳೆ ಅಂತ ನಾನು. ದಿನಾ ಇದೇ ಜಗಳ.”

ಸ್ಟೂಲನ್ನು ಹೆಂಡತಿಯ ತಲೆಯ ಬಳಿಗೆ ಎಳೆದುಕೊಂಡು, ಹಾಳೆಯನ್ನು ಅಂಗೈಯಿಂದ ಸವರಿದ. ಬೆರಳಿಟ್ಟು ಒಂದೊಂದೇ ಪದ ಎತ್ತಿದ. ಗಾಳಿಗೆ ಹಾಳೆ ಏಳುತ್ತಿತ್ತು. ಗೆಳತಿ ಅಂಚು ಹಿಡಿದಳು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಹೊರಗೆ ವ್ಯಾನಿನ ಹಾರನ್ನು ಕೇಳಿತು. ಮಗಳು ಎದ್ದು ನಿಂತಳು. ಅಜ್ಜ ತಲೆ ಎತ್ತಲಿಲ್ಲ.

“ಹುಡುಗಿ... ದೋಣಿಯನ್ನು... ದಡದ ಗೂಟಕ್ಕೆ... ಕಟ್ಟಿ...”

ಹೆಂಡತಿಯ ಕಡೆ ನೋಡಿದ. “ಆಯ್ತು ಕಣೇ, ನೀನೇ ಗೆದ್ದೆ.” ಮತ್ತೆ ಬೆರಳಿಟ್ಟ. “ಕಟ್ಟಿ... ನಿ... ನಿ...”

ಬೆರಳು ಅಲ್ಲೇ ನಿಂತಿತು. ಅಜ್ಜ ಮುಖವೆತ್ತಿ ಹುಡುಗಿಯನ್ನು ನೋಡಿದ. ಅವಳ ತುಟಿಗಳು ರೂಢಿಯಂತೆ ಬಿಗಿದುಕೊಂಡವು. ಮತ್ತೊಮ್ಮೆ ಹಾರನ್ನು.

ಅವಳು ಚೀಲ ಕೆಳಗಿಟ್ಟು, ಇಸ್ತ್ರಿಯಮ್ಮನ ಪಕ್ಕದಲ್ಲಿ ಮೊಣಕಾಲೂರಿ, ಮೆಲ್ಲಗೆ ಹೇಳಿಕೊಟ್ಟಳು: “ನಿಶ್ಚಿಂತೆಯಿಂದ.”